ಠಸ್ಸೆರಾಯರ ಐದು ಬಗೆಯ ಮಸಾಜು

ಬಾಯಲ್ಲಿ ಹೇಳಿದ ಸುಳ್ಳನ್ನು ಕೆಮ್ಮಿ, ನಕ್ಕು, ಸೆಕೆಯ ಮಾತೆತ್ತಿ ಹೇಗೋ ಮರೆಸಿಬಿಡಬಹುದು. ಕಾಗದದ ಮೇಲೆ ಬರೆದು ಕೆಳಗೆ ಸಹಿ ಹಾಕಿದ ಸುಳ್ಳು ಹಾಗಲ್ಲ. ಅದಕ್ಕೆ ಕ್ರಮಸಂಖ್ಯೆ ಬೀಳುತ್ತದೆ, ಅದು ಫೈಲು ಸೇರುತ್ತದೆ, ಮೂರು ಮೇಜು ದಾಟುತ್ತದೆ, ಕೊನೆಗೊಂದು ದಿನ ಬರೆದವನನ್ನೇ ಹುಡುಕಿಕೊಂಡು ಬರುತ್ತದೆ. ಈ ಸತ್ಯ ಬೇರೆ ಯಾರಿಗೆ ತಿಳಿಯದಿದ್ದರೂ ಠಸ್ಸೆರಾಯರಿಗೆ ತಿಳಿದಿರಬೇಕಿತ್ತು. ಇಪ್ಪತ್ತೆರಡು ವರ್ಷ ಕಾಗದಗಳ ನಡುವೆಯೇ ಕೂತವರು ಅವರು.

ಠಸ್ಸೆರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ನೋಂದಣಿ ಕಚೇರಿ ಇಟ್ಟದ್ದು. ಕಚೇರಿಯ ದುಂಡನೆಯ ಮೊಹರು, ಅಂದರೆ ಠಸ್ಸೆ, ಅವರ ವಶದಲ್ಲಿತ್ತು. ಯಾವ ಕಾಗದವಾದರೂ ಅವರ ಕನ್ನಡಕದ ಕೆಳಗೆ ಹಾದು, ಅವರ ಕೈಯಿಂದ ಧಡ್ ಎಂದು ಒಂದು ಏಟು ತಿಂದ ಮೇಲೆಯೇ ಕಾಗದ ಅನ್ನಿಸಿಕೊಳ್ಳುತ್ತಿತ್ತು. ತಿದ್ದಿ ಬರೆದ ಅಕ್ಷರ ಕಂಡರೆ ಮುಗಿಯಿತು, ಠಸ್ಸೆ ಮೇಲೇಳುತ್ತಿರಲಿಲ್ಲ. ಒಂದನ್ನು ಏಳು ಮಾಡಿದ್ದಾನೆಂದು ಮದುವೆ ನೋಂದಣಿಗೆ ಬಂದ ಮದುಮಗನೊಬ್ಬನನ್ನು ಮೂರು ಸಲ ವಾಪಸು ಕಳಿಸಿದ್ದರು. ನಾಲ್ಕನೆಯ ಸಲ ಅವನು ಹೊಸ ಫಾರಂ ತುಂಬಿ ತರುವಷ್ಟರಲ್ಲಿ ಮದುಮಗಳ ಮನಸ್ಸೇ ಬದಲಾಗಿತ್ತು. ಅದಕ್ಕೆ ರಾಯರು ಬೇಸರಪಟ್ಟುಕೊಳ್ಳಲಿಲ್ಲ. ಫಾರಮ್ಮನ್ನು ನೆಟ್ಟಗೆ ತುಂಬದವನು ಸಂಸಾರವನ್ನು ಹೇಗೆ ತೂಗಿಸುತ್ತಾನೆ ಎಂದು ಕೇಳಿದರು.

ಇಂಥವರು ತಾವೇ ಒಂದು ಫಾರಂ ತುಂಬಬೇಕಾಗಿ ಬಂತು. ವರ್ಷಕ್ಕೊಮ್ಮೆ ಬರುವ ಸಿಬ್ಬಂದಿ ಮಾಹಿತಿಯ ಫಾರಂ. ಅದರ ಹದಿನಾಲ್ಕನೆಯ ಕಾಲಂ, 'ವಿಶೇಷ ಪರಿಣತಿ'. ಇಪ್ಪತ್ತೊಂದು ವರ್ಷ ಅಲ್ಲಿ 'ಇಲ್ಲ' ಎಂದು ಬರೆದು ನೆಮ್ಮದಿಯಾಗಿದ್ದವರು ಈ ಸಲ ಕತ್ತು ಸ್ವಲ್ಪ ವಾಲಿಸಿ ಪಕ್ಕದ ಮೇಜಿನ ಟೈಪಿಸ್ಟ್ ಹುಡುಗಿಯ ಫಾರಂ ನೋಡಿಬಿಟ್ಟರು. ಅವಳು 'ಈಜು, ಗಿಟಾರು, ಮೂರು ಭಾಷೆ' ಎಂದು ಬರೆದು, ಜಾಗ ಸಾಲದೆ ಅಂಚಿನಲ್ಲಿ 'ಕುಂಬಾರಿಕೆ' ಎಂದು ಸೇರಿಸುತ್ತಿದ್ದಳು. ರಾಯರಿಗೆ ತಮ್ಮ 'ಇಲ್ಲ' ಬಹಳ ಚಿಕ್ಕದಾಗಿ ಕಂಡಿತು. ಅದೇ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಅವರೊಂದು ಕರಪತ್ರ ಓದಿದ್ದರು. 'ಮಸಾಜ್ ಚಿಕಿತ್ಸೆಯ ಐದು ಬಗೆಗಳು ಮತ್ತು ಅವುಗಳ ಪ್ರಯೋಜನಗಳು'. ಕರಪತ್ರದ ಕೆಳಗಿನ ಅರ್ಧವನ್ನು ಕ್ಷೌರಿಕ ಹರಿದು ಕತ್ತಿಯ ನೊರೆ ಒರೆಸಿದ್ದ. ಉಳಿದ ಅರ್ಧ ರಾಯರಿಗೆ ಬಾಯಿಪಾಠವಾಗಿತ್ತು, ನಿಯಮಾವಳಿ ಓದಿ ಓದಿ ಅವರ ತಲೆಗೆ ಅದೇ ಅಭ್ಯಾಸ. ಪೆನ್ನು ತನ್ನಷ್ಟಕ್ಕೆ ಬರೆಯಿತು, 'ಮಸಾಜ್ ಚಿಕಿತ್ಸೆ (ಐದು ಬಗೆ)'. ಬರೆದು, ಸಹಿ ಹಾಕಿ, ತಾವೇ ಠಸ್ಸೆಯನ್ನೂ ಒತ್ತಿದರು.

ಹದಿನಾಲ್ಕನೆಯ ಕಾಲಮ್ಮನ್ನು ಆವರೆಗೆ ಯಾರೂ ಓದಿರಲಿಲ್ಲ. ಈ ಸಲ ಓದುವವರೊಬ್ಬರು ಸಿಕ್ಕರು, ಯಾಕೆಂದರೆ ಮ್ಯಾನೇಜರಿಗೆ ಬೆನ್ನು ನೋವಿತ್ತು.

ಮರುದಿನವೇ ಕರೆ ಬಂತು. ಮ್ಯಾನೇಜರು ಕುರ್ಚಿಯಲ್ಲಿ ಕೂರಲಾರದೆ, ಏಳಲಾರದೆ, ಮಡಚಿಟ್ಟ ಛತ್ರಿಯ ಹಾಗೆ ಮೇಜಿಗೆ ಒರಗಿದ್ದರು.

"ಏನ್ರೀ ರಾಯರೇ, ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ರಲ್ಲ! ಐದು ಬಗೆ! ನಾನಿಲ್ಲಿ ನರಳ್ತಾ ಇದ್ದೀನಿ, ನೀವು ಪಕ್ಕದ ಕೋಣೇಲಿ ಸುಮ್ನೆ ಕೂತಿದ್ದೀರಿ!"

"ಸಾರ್, ಅದು ಹಾಗೇನಿಲ್ಲ. ನಂಗೆ ಅಷ್ಟಾಗಿ ಬರೋದಿಲ್ಲ."

"ನೋಡಿದ್ರಾ! ಬರೋರು ಹೀಗೇ ಮಾತಾಡೋದು. ತುಂಬಿದ ಕೊಡ ತುಳುಕೋದಿಲ್ಲ."

"ನಿಜವಾಗ್ಲೂ ಬರೋದಿಲ್ಲ ಸಾರ್."

"ಅಯ್ಯೋ, ಎಂಥ ವಿನಯ! ಯಾವ ಯಾವ ಬಗೆ ಹೇಳಿ ನೋಡೋಣ."

ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದೆ ಇರುವುದು ರಾಯರ ಜಾಯಮಾನದಲ್ಲೇ ಇರಲಿಲ್ಲ. "ಒಂದು, ಸ್ವೀಡಿಷ್. ಉದ್ದುದ್ದ ಮೆದುವಾದ ನೀವಿಕೆ. ಮೈ ಹಗುರ, ರಕ್ತಸಂಚಾರ ಸರಾಗ. ಎರಡು, ಡೀಪ್ ಟಿಶ್ಯೂ. ಸ್ನಾಯುಗಳ ಒಳಪದರಕ್ಕೆ ಒತ್ತಡ. ಹಳೇ ಬಿಗಿತ ಸಡಿಲ. ಮೂರು, ಬಿಸಿಕಲ್ಲು. ಶಾಖದಿಂದ ಸ್ನಾಯು ಮೆತ್ತಗೆ. ನಾಲ್ಕು, ಪಾದದ ರಿಫ್ಲೆಕ್ಸಾಲಜಿ. ಅಂಗಾಲು ಒತ್ತಿದ್ರೆ ಆಯಾಸ ಪರಿಹಾರ. ಐದು, ಶಿಯಾಟ್ಸು. ಬೆರಳಿನ ಒತ್ತು, ನಿದ್ರೆಗೆ ಒಳ್ಳೇದು" ಎಂದು ಉಸಿರು ಬಿಡದೆ ಒಪ್ಪಿಸಿದರು. ಅವರು ಮುಗಿಸುವಷ್ಟರಲ್ಲಿ ಮ್ಯಾನೇಜರು ದಾಖಲೆ ಕೋಣೆಯ ಉದ್ದ ಮೇಜಿನ ಕಡೆ ಹೆಜ್ಜೆ ಹಾಕಿಯಾಗಿತ್ತು.

ಮೇಜಿನ ಮೇಲಿದ್ದ ಫೈಲುಗಳು ಕೆಳಗಿಳಿದವು, ಮ್ಯಾನೇಜರು ಮೇಲೇರಿ ಬೋರಲು ಮಲಗಿದರು. ರಾಯರು ಆ ವಿಶಾಲವಾದ ಬೆನ್ನನ್ನು ನೋಡಿದರು. ಎಲ್ಲಿಂದ ಶುರು? ಎಷ್ಟು ಒತ್ತು? ಕರಪತ್ರ ಪ್ರಯೋಜನ ಹೇಳಿತ್ತೇ ಹೊರತು ವಿಧಾನ ಹೇಳಿರಲಿಲ್ಲ. ಕಾಲ ತಳ್ಳುವ ವಿದ್ಯೆ ಮಾತ್ರ ಕಚೇರಿಯಲ್ಲಿ ಎಲ್ಲರಿಗೂ ಬರುವಂಥದ್ದು. "ಮೊದಲ ಹಂತ ಸಾರ್. ಫೋನು ಬಂದ್ ಮಾಡಿ. ಕಣ್ಣು ಮುಚ್ಚಿ. ಮಾತು ಬೇಡ, ಮೈ ಪೂರ್ತಿ ಸಡಿಲ ಬಿಡಿ. ನಾನು ಹೇಳೋವರೆಗೂ ಅಲ್ಲಾಡಬಾರದು" ಎಂದರು. ತಾವು ಗೋಡೆಗೆ ಒರಗಿ ಧೈರ್ಯ ಒಟ್ಟುಗೂಡಿಸಲು ನಿಂತರು. ಧೈರ್ಯ ಒಟ್ಟಾಗುವ ಮೊದಲು ಗೊರಕೆ ಕೇಳಿಸಿತು.

ಮ್ಯಾನೇಜರು ಒಂದು ಗಂಟೆ ಹತ್ತು ನಿಮಿಷ ಮಲಗಿದರು. ಎದ್ದರು, ಬಗ್ಗಿದರು, ನೆಟ್ಟಗಾದರು, ಮತ್ತೆ ಬಗ್ಗಿದರು. ಅವರ ಕಣ್ಣಲ್ಲಿ ನೀರು ಬಂತು.

"ರಾಯರೇ, ನಿಮ್ಮ ಕೈ ತಾಗಿದ್ದೇ ಗೊತ್ತಾಗ್ಲಿಲ್ಲ!"

ಗೊತ್ತಾಗುವುದು ಹೇಗೆ, ತಾಗಿದ್ದರೆ ತಾನೇ. ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಮ್ಯಾನೇಜರು ಹೊರಗೆ ಹೋಗಿ ಇಡೀ ಕಚೇರಿಯ ಮುಂದೆ ನಿಂತು ನಮಸ್ಕಾರದ ಭಂಗಿಯಲ್ಲಿ ಬಗ್ಗಿ ತೋರಿಸುತ್ತಿದ್ದರು.

ಉಪಕಾರ ತೀರಿಸುವುದರಲ್ಲಿ ಮ್ಯಾನೇಜರು ಎತ್ತಿದ ಕೈ. ಅಂದೇ ಕೇಂದ್ರ ಕಚೇರಿಗೆ ಪತ್ರ ಹೋಯಿತು. ಉತ್ತರವೂ ಬಂತು. ವಾರ್ಷಿಕ ತಪಾಸಣೆಗೆ ನಿರ್ದೇಶಕರು ಹತ್ತು ದಿನದಲ್ಲಿ ಬರುವವರಿದ್ದರು. ಅವರಿಗೆ ಒಂದು ತಿಂಗಳಿನಿಂದ ಕತ್ತು ತಿರುಗುತ್ತಿಲ್ಲ. ರಾಯರು ಅವರಿಗೆ ಚಿಕಿತ್ಸೆ ಕೊಡಬೇಕು, ಜೊತೆಯಲ್ಲಿ ಬರುವ ವೈದ್ಯಾಧಿಕಾರಿಗಳು ಅದನ್ನು ಕಣ್ಣಾರೆ ನೋಡಿ ಪರಿಣತಿಯ ಬಗ್ಗೆ ವರದಿ ಬರೆಯಬೇಕು. ರಾಯರ ಮೇಲ್ವಿಚಾರಕ ಹುದ್ದೆಯ ಬಡ್ತಿಯ ಫೈಲು ಕೂಡ ಅದೇ ನಿರ್ದೇಶಕರ ಚೀಲದಲ್ಲಿ ಬರುತ್ತದೆ. "ಒಂದೇ ಕಲ್ಲಿಗೆ ಎರಡು ಹಕ್ಕಿ ರಾಯರೇ!" ಎಂದರು ಮ್ಯಾನೇಜರು. ರಾಯರಿಗೆ ಆ ಕಲ್ಲು ನೇರವಾಗಿ ತಮ್ಮ ಹಣೆಯ ಕಡೆಗೇ ಬರುತ್ತಿರುವುದು ಕಾಣಿಸುತ್ತಿತ್ತು. ಸುಳ್ಳು ಮಾಹಿತಿ ಕೊಟ್ಟವರಿಗೆ ಬಡ್ತಿ ಇಲ್ಲ, ವಿಚಾರಣೆ ಉಂಟು ಎಂಬ ನಿಯಮವನ್ನು ಗೋಡೆಗೆ ಅಂಟಿಸಿದವರೇ ಅವರು.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಕಣ್ಣರಳಿಸಿ ಕೇಳಿ, ಕೊನೆಗೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಅಲ್ಲಾ ರೀ, ಸುಮ್ನೆ ಆ ಫಾರಂ ತಿದ್ದಿಬಿಟ್ರೆ ಆಗ್ತಿರಲಿಲ್ವಾ?"

"ತಿದ್ದೋದಾ?" ರಾಯರು ಬೆಂಕಿ ಮುಟ್ಟಿದವರಂತೆ ಹೌಹಾರಿದರು. "ಠಸ್ಸೆ ಬಿದ್ದ ಫಾರಂ ಕಣೇ! ಅದನ್ನ ತಿದ್ದೋ ಹಾಗಿಲ್ಲ. ಮದುಮಗನಿಗೇ ಬಿಟ್ಟಿಲ್ಲ ನಾನು."

"ಮತ್ತೇನ್ ಮಾಡ್ತೀರಿ?"

ರಾಯರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಅವರ ಮುಖದಲ್ಲಿ ನಿರ್ಧಾರದ ಕಳೆ ಬಂತು. "ಫಾರಮ್ಮನ್ನ ತಿದ್ದೋಕಾಗಲ್ಲ. ನನ್ನನ್ನ ತಿದ್ದಿಕೋಬಹುದಲ್ಲ. ಹತ್ತು ದಿನ ಇದೆ, ಐದು ಬಗೆ ಇದೆ. ಬಗೆಗೆ ಎರಡು ದಿನ. ಕಲಿತುಬಿಟ್ರೆ ಬರೆದದ್ದು ಸುಳ್ಳೇ ಅಲ್ಲ."

ಲೋಕದಲ್ಲಿ ಸುಳ್ಳು ಹೇಳಿದವರು ಅದನ್ನು ಒಪ್ಪಿಕೊಳ್ಳುವುದುಂಟು, ಮುಚ್ಚುವುದುಂಟು. ಅದನ್ನು ದುಡಿದು ನಿಜ ಮಾಡುತ್ತೇನೆ ಎಂದು ಹೊರಟವರು ಅಪರೂಪ. ಆಕೆ ಮಾತ್ರ, "ಕಲೀರಿ, ಬೇಡ ಅನ್ನೋಲ್ಲ. ನನ್ನ ಮೈಮೇಲೆ ಪ್ರಯೋಗ ಮಾಡೋಕೆ ಬಂದ್ರೆ ಜೋಕೆ" ಎಂದು ಒಳಗೆ ಹೋದರು.

ಮನೆಯಲ್ಲಿ ಇನ್ನೊಂದು ಮೈ ಇತ್ತು. ಆಕೆಯ ತಮ್ಮ, ಅಂದರೆ ರಾಯರ ಬಾಮೈದ, ಕೆಲಸ ಹುಡುಕುವುದಕ್ಕೆಂದು ನಾಲ್ಕು ದಿನಕ್ಕೆ ಬಂದವನು ಐದು ತಿಂಗಳಿನಿಂದ ನಡುಮನೆಯ ಸೋಫಾದ ಮೇಲೆ ಮಲಗಿಕೊಂಡೇ ಹುಡುಕುತ್ತಿದ್ದ. ಮಸಾಜು ಎಂದದ್ದೇ ಅವನು ಅಂಗಿ ಕಳಚಿದ.

"ಮಾಡಿ ಭಾವ, ಮಾಡಿ. ನಂಗೂ ಕೂತು ಕೂತು ಮೈಕೈ ಎಲ್ಲಾ ಹಿಡ್ಕೊಂಡಿದೆ."

ಮೊದಲು ಸ್ವೀಡಿಷ್. ಊಟದ ಮೇಜಿನ ಮೇಲೆ ಅವನನ್ನು ಮಲಗಿಸಿ ರಾಯರು ಒಂದು ಬಾಟಲಿ ಎಣ್ಣೆ ಪೂರ್ತಿ ಸುರಿದರು. ಉದ್ದುದ್ದ ನೀವಬೇಕು ಎಂದು ಕರಪತ್ರ ಹೇಳಿತ್ತು. ಸೊಂಟದಿಂದ ಭುಜದವರೆಗೆ ಎರಡೂ ಕೈಯಿಂದ ಒಂದೇ ಸಮ ದೂಡಿದರು. ಬಾಮೈದ ಮೇಜಿನ ಉದ್ದಕ್ಕೂ ಸೊಯ್ಯನೆ ಜಾರಿ, ಆಚೆ ತುದಿಯಲ್ಲಿ ತಲೆ ಕೆಳಗಾಗಿ ಹೊರಟು, ಅಡುಗೆಮನೆಯ ಬಾಗಿಲಿಗೆ ತಲುಪಿದ. "ಒರೆಸೋರು ಯಾರು?" ಎಂದು ಅವನ ಅಕ್ಕ ಕೇಳಿದ್ದು ನೆಲದ ವಿಷಯ, ತಮ್ಮನ ವಿಷಯವಲ್ಲ.

ಮೂರನೆಯ ದಿನ ಡೀಪ್ ಟಿಶ್ಯೂ. ಇದರಲ್ಲಿ ಮೊಣಕೈ ಬಳಸುತ್ತಾರೆಂದು ಎಲ್ಲೋ ಕೇಳಿದ ನೆನಪು. ರಾಯರು ಸ್ಟೂಲಿನ ಮೇಲೆ ಹತ್ತಿ ನಿಂತು, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಗುರಿ ನೋಡಿ, ಧಡ್ ಎಂದು ಒತ್ತಿದರು. ಬಾಮೈದ ಕೂಗಿದ ಕೂಗಿಗೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟರು ಬೆತ್ತ ಹಿಡಿದುಕೊಂಡೇ ಓಡಿಬಂದರು.

"ಯಾರು ಯಾರಿಗೆ ಹೊಡೀತಿದ್ದೀರಿ?"

"ಹೊಡೀತಿಲ್ಲ ಮೇಷ್ಟ್ರೇ, ಚಿಕಿತ್ಸೆ."

ಮೇಷ್ಟರು ಬಾಮೈದನ ಮುಖ ನೋಡಿದರು, ರಾಯರ ಮೊಣಕೈ ನೋಡಿದರು, ಬೆತ್ತವನ್ನು ಕೈಬದಲಾಯಿಸಿಕೊಂಡು ಹೋದರು. ನಂಬಿದಂತೆ ಕಾಣಲಿಲ್ಲ.

ಐದನೆಯ ದಿನದ ಬಿಸಿಕಲ್ಲನ್ನು ಬೀದಿಯವರು ಇಂದಿಗೂ ಮರೆತಿಲ್ಲ. ನುಣುಪಾದ ಕಲ್ಲು ಬೇಕಿತ್ತು. ಮೇಷ್ಟರು ತಮ್ಮ ಹೂಪಾತಿಯ ಸುತ್ತ ಸಾಲಾಗಿ ಇಟ್ಟ ನುಣುಪು ಕಲ್ಲುಗಳಲ್ಲಿ ಎಂಟನ್ನು ರಾಯರು ಕೇಳದೆಯೇ ಎತ್ತಿಕೊಂಡು ಬಂದು, ಹಾಲು ಕಾಯಿಸುವ ಪಾತ್ರೆಯಲ್ಲಿ ಹಾಕಿ ಕುದಿಸಿದರು. ಎಷ್ಟು ಬಿಸಿ ಇರಬೇಕು ಎಂದು ಕರಪತ್ರದಲ್ಲಿರಲಿಲ್ಲ. ಬಿಸಿಕಲ್ಲು ಎಂದ ಮೇಲೆ ಬಿಸಿ ಇರಲೇಬೇಕಲ್ಲ ಎಂದು ರಾಯರು ತರ್ಕ ಮಾಡಿದರು. ಇಕ್ಕಳದಿಂದ ಎತ್ತಿ, ದಪ್ಪ ಟವೆಲ್ಲು ಹೊದಿಸಿದ ಬಾಮೈದನ ಬೆನ್ನ ಮೇಲೆ ಒಂದೊಂದಾಗಿ ಎಂಟನ್ನೂ ಜೋಡಿಸಿದರು. ಬಿಸಿ ಟವೆಲ್ಲನ್ನು ದಾಟಿ ಒಳಕ್ಕೆ ಇಳಿಯಲು ಐದು ಎಣಿಸುವಷ್ಟು ಹೊತ್ತು ಹಿಡಿಯಿತು. ಆರನೆಯದಕ್ಕೆ ಬಾಮೈದ ಮೇಜಿನ ಮೇಲಿರಲಿಲ್ಲ.

ಅವನು ಟವೆಲ್ಲು ಸುತ್ತಿಕೊಂಡು ಬೀದಿಗೆ ಹಾರಿದ, ಕಲ್ಲುಗಳು ಅವನ ಹಿಂದೆ ಒಂದೊಂದಾಗಿ ಉದುರಿದವು. ಹಿಂದೆ ಇಕ್ಕಳ ಹಿಡಿದ ರಾಯರು, "ನಿಲ್ಲೋ, ಇನ್ನೂ ಹತ್ತು ನಿಮಿಷ ಇದೆ!" ಎಂದು. ಅವರ ಹಿಂದೆ ಬೆತ್ತ ಹಿಡಿದ ಮೇಷ್ಟರು, "ನನ್ನ ಕಲ್ಲು, ನನ್ನ ಕಲ್ಲು!" ಎಂದು. ಕಳ್ಳ ಯಾರು, ಹಿಡಿಯುವವರು ಯಾರು ಎಂದು ತಿಳಿಯದ ಬೀದಿಯವರು ಮೂವರನ್ನೂ ಅಟ್ಟಿಸಿಕೊಂಡು ಹೋದರು. ಬಾಮೈದನ ಬೆನ್ನಿಗೆ ಸುಟ್ಟಗಾಯವಾಗಲಿಲ್ಲ, ಬರೀ ಕೆಂಪಗಾಯಿತು. ಟವೆಲ್ಲು ದಪ್ಪವಿದ್ದದ್ದು ಪುಣ್ಯ. ಆದರೆ ಆ ರಾತ್ರಿಯೇ ಅವನು ಅಕ್ಕನ ಮುಂದೆ ಕೈಮುಗಿದ. "ಅಕ್ಕಾ, ನಾಳೆಯಿಂದ ಬೆಳಿಗ್ಗೆ ಏಳಕ್ಕೇ ಹೊರಗೆ ಹೋಗಿ ಕೆಲಸ ಹುಡುಕ್ತೀನಿ. ಈ ಸೋಫಾ ನಂಗೆ ಬೇಡ." ನಾಲ್ಕೇ ದಿನದಲ್ಲಿ ಅವನಿಗೆ ಒಂದು ಪುಸ್ತಕದಂಗಡಿಯಲ್ಲಿ ಕೆಲಸ ಸಿಕ್ಕಿಯೂ ಬಿಟ್ಟಿತು.

"ಮಸಾಜಿನಿಂದ ಪ್ರಯೋಜನ ಇದೆ ಕಣ್ರೀ. ಐದು ತಿಂಗಳು ನಾನು ಹೇಳಿ ಆಗದ್ದು ಎಂಟು ಕಲ್ಲಿನಲ್ಲಿ ಆಯ್ತು" ಎಂದು ಹೆಂಡತಿ ಆ ರಾತ್ರಿಯೇ ಹೇಳಿದ್ದರು.

ರಾಯರಿಗೆ ನಗು ಬರಲಿಲ್ಲ. ಅವರಿಗೆ ನಿಜವಾಗಿ ಭಯವಾಗಿತ್ತು, ನಾಚಿಕೆಯೂ ಆಗಿತ್ತು. ಕಲ್ಲು ಹಿಂದಿರುಗಿಸಲು ಮೇಷ್ಟರ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತರು. ಮೇಷ್ಟರು ಕಲ್ಲುಗಳನ್ನು ಎರಡೆರಡು ಸಲ ಎಣಿಸಿ ಸಾಲಿಗೆ ಸೇರಿಸಿ ಆಮೇಲೆ ಮಾತಾಡಿದರು.

"ರಾಯರೇ, ಮನುಷ್ಯನ ಮೈ ಫೈಲಲ್ಲ. ಕಲೀಲೇಬೇಕು ಅಂತಿದ್ರೆ ಆಟದ ಮೈದಾನಕ್ಕೆ ಹೋಗಿ. ಬಟ್ಟೆ ಬದಲಾಯಿಸೋ ಕೋಣೆ ಹಿಂದೆ ಗಟ್ಟಿಗೈ ಅಕ್ಕ ಕೂತಿರ್ತಾಳೆ. ಮೂವತ್ತು ವರ್ಷದಿಂದ ಆಟಗಾರರ ಮೈ ನೋಡ್ತಿದ್ದಾಳೆ. ನನ್ನ ಮಂಡಿ ಸರಿ ಮಾಡಿದ್ದು ಅವಳೇ."

ಗಟ್ಟಿಗೈ ಅಕ್ಕನಿಗೆ ಅರವತ್ತು ದಾಟಿತ್ತು. ಕೈ ರೊಟ್ಟಿ ಹಲಗೆಯಷ್ಟು ಅಗಲ, ಮಾತು ಚೂಪು. ರಾಯರು ಕಚೇರಿಯ, ಕರಪತ್ರದ ಕಥೆಯನ್ನೆಲ್ಲ ಹೇಳಿ, ಐದು ದಿನದಲ್ಲಿ ಐದು ಬಗೆ ಕಲಿಸಬೇಕೆಂದು ಕೇಳಿಕೊಂಡಾಗ ಅಕ್ಕ ಕಾಲು ಚಾಚಿ ನಕ್ಕಳು.

"ಮೊದ್ಲು ನನ್ನ ಮುಂಗೈ ಒತ್ತಿ ನೋಡೋಣ."

ರಾಯರು ಒತ್ತಿದರು. ಅಕ್ಕ ಕೈ ಹಿಂದೆ ಎಳೆದುಕೊಂಡಳು.

"ಇದೇನು, ಅಂಚೆ ಕಾಗದಕ್ಕೆ ಸೀಲು ಹೊಡೆದಂಗೆ ಹೊಡೀತೀರಲ್ಲ! ಇದು ಠಸ್ಸೆ ಅಲ್ಲ ರಾಯರೇ. ಒತ್ತಿ ಎತ್ತಿಬಿಡೋದಲ್ಲ. ಕೈ ಇಟ್ಮೇಲೆ ಒಳಗೇನಿದೆ ಅಂತ ಕೇಳಿಸ್ಕೋಬೇಕು. ಎರಡು ದಿನ ಏನೂ ಮುಟ್ಟಬೇಡಿ. ಇಲ್ಲಿ ಕೂತು ನಾನು ಕೇಳೋದನ್ನ ಕೇಳಿ."

ರಾಯರು ರಜೆ ಹಾಕಿ ಎರಡು ದಿನ ಮರದ ಬೆಂಚಿನ ಮೇಲೆ ಕೂತರು. ಕಾಲು ಉಳುಕಿದವರು, ತೊಡೆ ಹಿಡಿದವರು, ಚೆಂಡು ಎಸೆದು ಭುಜ ನೋವಾದವರು ಒಬ್ಬೊಬ್ಬರೇ ಬಂದರು. ಅಕ್ಕ ಪ್ರತಿಯೊಬ್ಬರಿಗೂ ಅದೇ ನಾಲ್ಕು ಪ್ರಶ್ನೆ ಹಾಕುತ್ತಿದ್ದಳು. ಎಲ್ಲಿ ನೋವು? ಯಾವತ್ತಿಂದ? ಏನು ಮಾಡಿದರೆ ಹೆಚ್ಚು? ಜೋಮು ಹಿಡಿಯುತ್ತಾ? ಉತ್ತರ ಕೇಳಿ ಕೆಲವರ ಮೇಲೆ ಕೈ ಇಡುತ್ತಿದ್ದಳು, ಕೆಲವರನ್ನು ಮುಟ್ಟದೆ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಎರಡನೆಯ ದಿನದ ಕೊನೆಗೆ ರಾಯರು ತಾಳಲಾರದೆ, "ಅಕ್ಕಾ, ಒತ್ತೋದು ಯಾವಾಗ ಹೇಳಿಕೊಡ್ತೀರಿ?" ಎಂದರು.

"ಒತ್ತೋದು ಕೋಣನಿಗೂ ಬರುತ್ತೆ. ಯಾವಾಗ ಒತ್ತಬಾರದು ಅನ್ನೋದು ಗೊತ್ತಿರ್ಬೇಕು. ಜ್ವರ ಇದ್ರೆ ಇಲ್ಲ. ಊದಿಕೊಂಡು ಬಿಸಿಯಾಗಿದ್ರೆ ಇಲ್ಲ. ಕತ್ತು ನೋವು ಅಂತ ಬಂದೋನಿಗೆ ಕೈಬೆರಳಿಗೆ ಜೋಮು ಹಿಡಿದು ಹಿಡಿತ ತಪ್ತಾ ಇದ್ರೆ, ರಾಜನೇ ಆಗಿರ್ಲಿ, ಮುಟ್ಟಬೇಡಿ. ಡಾಕ್ಟ್ರ ಹತ್ರ ಕಳಿಸಿ. ಇದು ನಿಮ್ಮ ಆ ಕಾಗದದಲ್ಲಿ ಇರಲಿಲ್ವಾ?"

"ಅರ್ಧ ಹರಿದುಹೋಗಿತ್ತು ಅಕ್ಕಾ."

"ಹರಿದುಹೋದ ಅರ್ಧದಲ್ಲೇ ವಿದ್ಯೆ ಇದ್ದದ್ದು" ಎಂದಳು ಅಕ್ಕ.

ಉಳಿದ ಮೂರು ದಿನ ರಾಯರು ಛಲ ಬಿಡದೆ ಕಲಿತರು. ಅಕ್ಕ ಬೈದಳು, ಕೈ ಮೇಲೆ ತಟ್ಟಿದಳು, "ಮೆತ್ತಗೆ, ಮೆತ್ತಗೆ" ಎಂದು ಸಾವಿರ ಸಲ ಹೇಳಿದಳು. ಮನೆಗೆ ಬಂದ ಮೇಲೂ ಅವರು ಹಿಟ್ಟು ನಾದಿದರು, ದಿಂಬು ನೀವಿದರು. ಹತ್ತನೆಯ ದಿನಕ್ಕೆ ಸ್ವೀಡಿಷ್ ಸುಮಾರಾಗಿ ಬಂತು, ಅಂಗಾಲಿನದು ಅರ್ಧ ಬಂತು. ಐದರಲ್ಲಿ ಒಂದೂವರೆ. ಇನ್ನುಳಿದ ಮೂರೂವರೆ ಬಗೆಯ ಸುಳ್ಳನ್ನು ಹೊತ್ತುಕೊಂಡೇ ರಾಯರು ಕಚೇರಿಗೆ ಹೋದರು.

ದಾಖಲೆ ಕೋಣೆಗೆ ಸುಣ್ಣ ಹೊಡೆದಾಗಿತ್ತು. ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಗೋಡೆಗುಂಟ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿದ್ದರು. ನಿರ್ದೇಶಕರು ಒಳಗೆ ಬಂದರು. ಅವರ ಕತ್ತು ಎಡಕ್ಕೆ ವಾಲಿ ಅಲ್ಲೇ ನಿಂತಿದ್ದರಿಂದ ಯಾರನ್ನು ನೋಡಿದರೂ ಅನುಮಾನದಿಂದ ಓರೆಗಣ್ಣಲ್ಲಿ ನೋಡಿದಂತೆ ಕಾಣುತ್ತಿತ್ತು. ಅವರು ಹಾಗೆ ದಿಟ್ಟಿಸಿದ್ದಕ್ಕೆ ಹೆದರಿ ನಗದು ಗುಮಾಸ್ತ ಕೇಳದೆಯೇ ಎರಡು ದಿನ ತಡವಾಗಿ ಬಂದದ್ದನ್ನು ಒಪ್ಪಿಕೊಂಡ. ವೈದ್ಯಾಧಿಕಾರಿಗಳು ತೆಳ್ಳಗೆ ಉದ್ದಕ್ಕಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತು, ಇದೊಂದು ಕರ್ಮ ಎಂಬ ಮುಖದಲ್ಲಿ ಚಹಾ ಕುಡಿಯುತ್ತಿದ್ದರು.

ರಾಯರು ಮುಂದೆ ಬಂದರು. "ಸಾರ್, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಬರೆದಷ್ಟು ನಂಗೆ ಗೊತ್ತಿಲ್ಲ."

"ನಾನು ಹೇಳಿರ್ಲಿಲ್ವಾ ಸಾರ್?" ಮ್ಯಾನೇಜರು ಹಿಗ್ಗಿದರು. "ತುಂಬಿದ ಕೊಡ!"

"ಮಾತು ಸಾಕು, ಶುರುಮಾಡಿ" ಎಂದು ನಿರ್ದೇಶಕರು ಕೂತರು. ಅವರ ಸಹಾಯಕ ಬಡ್ತಿಯ ಫೈಲನ್ನು ಮೇಜಿನ ತುದಿಗೆ ಇಟ್ಟ. ರಾಯರಿಗೆ ಅದು ಕಾಣುವಂತೆಯೇ ಇತ್ತು.

ರಾಯರು ನಿರ್ದೇಶಕರ ಹಿಂದೆ ನಿಂತು ಕೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡರು. ಆಮೇಲೆ ಕೇಳಿದರು.

"ಎಲ್ಲಿ ನೋವು ಸಾರ್?"

"ಕತ್ತು. ಕಾಣಿಸ್ತಿಲ್ವಾ?"

"ಯಾವತ್ತಿಂದ?"

"ಒಂದು ತಿಂಗಳು. ಪತ್ರದಲ್ಲಿ ಬರೆದಿತ್ತಲ್ಲ."

"ಏನು ಮಾಡಿದ್ರೆ ಹೆಚ್ಚು?"

"ಇಂಥ ಪ್ರಶ್ನೆ ಕೇಳಿದ್ರೆ ಹೆಚ್ಚು!"

ಗೋಡೆಗುಂಟ ನಿಂತವರು ನಕ್ಕರು. ರಾಯರು ನಗಲಿಲ್ಲ. "ಕೈಗೆ ಜೋಮು ಹಿಡಿಯುತ್ತಾ ಸಾರ್?"

"ಹ್ಞೂಂ, ಎಡಗೈ ಎರಡು ಬೆರಳು. ಲೋಟ ಕೈ ಜಾರುತ್ತೆ. ವಯಸ್ಸಾಯ್ತು, ಬಿಡಿ. ಈಗ ಒತ್ತಿ."

ರಾಯರ ಕೈಗಳು ಕತ್ತಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟವು. ಮುಟ್ಟಿದರೆ ಬಡ್ತಿ, ಮುಟ್ಟದಿದ್ದರೆ ವಿಚಾರಣೆ. ಮೆಲ್ಲಗೆ ನಾಲ್ಕು ಸಲ ನೀವಿ ಕಳಿಸಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಆಗೋದಿಲ್ಲ ಸಾರ್. ನಾನು ಮುಟ್ಟೋದಿಲ್ಲ. ನೀವು ಡಾಕ್ಟ್ರಿಗೆ ತೋರಿಸಬೇಕು. ಇವತ್ತೇ."

ಮ್ಯಾನೇಜರ ಮುಖ ಗೋಡೆಯ ಸುಣ್ಣಕ್ಕೆ ಸರಿಹೋಯಿತು. ನಿರ್ದೇಶಕರು ಕತ್ತು ತಿರುಗಿಸಲಾರದೆ ಇಡೀ ದೇಹವನ್ನೇ ಕುರ್ಚಿ ಸಮೇತ ತಿರುಗಿಸಿದರು.

"ಏನಂದ್ರಿ? ಇದು ನನ್ನ ಆದೇಶ. ಒತ್ತಿ!"

"ಆದೇಶ ಲಿಖಿತದಲ್ಲಿ ಕೊಡಿ ಸಾರ್. 'ಜೋಮು ಇದ್ದರೂ ಒತ್ತತಕ್ಕದ್ದು, ಮುಂದಾಗುವುದಕ್ಕೆ ನಾವು ಹೊಣೆ' ಅಂತ. ಕೆಳಗೆ ಸಹಿ."

ನಿರ್ದೇಶಕರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಸೂರಿನ ಕಡೆ ನೋಡಿದರು. ಸಹಾಯಕ ಪೆನ್ನನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ಇಳಿಸಿದ. ಹೊಣೆ ಎಂಬ ಶಬ್ದ ಬಿದ್ದ ಕಡೆ ಕಚೇರಿಯಲ್ಲಿ ಯಾರ ಪೆನ್ನೂ ಓಡುವುದಿಲ್ಲ.

"ಇಪ್ಪತ್ತೆರಡು ವರ್ಷ ಅನುಮಾನ ಇದ್ದ ಕಾಗದಕ್ಕೆ ನಾನು ಠಸ್ಸೆ ಒತ್ತಿಲ್ಲ ಸಾರ್" ಎಂದರು ರಾಯರು. "ಇದು ಕಾಗದವೂ ಅಲ್ಲ, ಕತ್ತು."

ಮೂಲೆಯಲ್ಲಿ ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು. ವೈದ್ಯಾಧಿಕಾರಿಗಳು ಎದ್ದು ಬಂದು, ನಿರ್ದೇಶಕರ ಎರಡು ಕೈಗೂ ತಮ್ಮ ಬೆರಳು ಕೊಟ್ಟು, "ಬಿಗಿಯಾಗಿ ಹಿಡೀರಿ" ಎಂದರು. ಬಲಗೈ ಹಿಡಿಯಿತು, ಎಡಗೈ ಜಾರಿತು. ಮತ್ತೊಮ್ಮೆ ನೋಡಿದರು. ಕರ್ಮ ಎಂಬ ಮುಖಭಾವ ಹೋಗಿತ್ತು. "ನರದ ಮೇಲೆ ಒತ್ತಡ ಬಿದ್ದಿರೋ ಹಾಗಿದೆ. ಜೋಮಿನ ವಿಷಯ ನಂಗೆ ನೀವು ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಎಂದರು ನಿರ್ದೇಶಕರು.

ಕಾಲು ಗಂಟೆಯಲ್ಲಿ ನಿರ್ದೇಶಕರು ಕಾರಿನಲ್ಲಿ ಆಸ್ಪತ್ರೆಗೆ ಹೊರಟರು. ಸಿಬ್ಬಂದಿಯೆಲ್ಲ ರಾಯರನ್ನು ಸುತ್ತುವರಿಯಿತು. ವೈದ್ಯಾಧಿಕಾರಿಗಳು ವರದಿಯ ಹಾಳೆ ತೆಗೆದರು.

"ಅನುಭವ ಎಷ್ಟು ವರ್ಷದ್ದು ಅಂತ ಬರೀಲಿ?"

ಈಗ ಸುಮ್ಮನಿದ್ದರೂ ಸಾಕಿತ್ತು. ಇಪ್ಪತ್ತು ಎಂದರೆ ಇಪ್ಪತ್ತು, ಮೂವತ್ತು ಎಂದರೆ ಮೂವತ್ತು, ಆ ಗಳಿಗೆಯಲ್ಲಿ ಏನು ಹೇಳಿದ್ದರೂ ನಡೆದುಹೋಗುತ್ತಿತ್ತು.

"ಹತ್ತು ದಿನ" ಎಂದರು ರಾಯರು. "ಐದು ಬಗೆ ಅಲ್ಲ, ಒಂದೂವರೆ. ಫಾರಂ ತುಂಬಿದ ದಿನ ಅದೂ ಬರ್ತಿರಲಿಲ್ಲ."

"ಡಾಕ್ಟ್ರೇ, ಇವರು ಬಹಳ ವಿನಯ…" ಎಂದು ಮ್ಯಾನೇಜರು ಮುಂದೆ ಬಂದರು.

"ವಿನಯ ಅಲ್ಲ ಸಾರ್, ಸುಳ್ಳು. ಕೊಡ ತುಂಬಿಲ್ಲ, ತಳದಲ್ಲಿ ಒಂದು ಲೋಟ ನೀರಿದೆ. ಅಷ್ಟೇ."

"ಹಾಗಾದ್ರೆ ನನ್ನ ಬೆನ್ನು?"

"ನೀವು ನಿದ್ದೆ ಮಾಡಿದ್ರಿ ಸಾರ್. ನಾನು ಮುಟ್ಟೇ ಇಲ್ಲ."

ಟೈಪಿಸ್ಟ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮ್ಯಾನೇಜರು ನಿಧಾನವಾಗಿ ಸೊಂಟದ ಮೇಲೆ ಕೈ ಇಟ್ಟುಕೊಂಡರು. ಆ ಕ್ಷಣದಿಂದ ಅವರ ಬೆನ್ನು ಮತ್ತೆ ನೋಯತೊಡಗಿತು. ಅದಕ್ಕಾಗಿ ಅವರು ರಾಯರನ್ನು ಬಹಳ ದಿನ ಕ್ಷಮಿಸಲಿಲ್ಲ.

ಮೂರು ವಾರದ ಮೇಲೆ ಕೇಂದ್ರ ಕಚೇರಿಯಿಂದ ಒಂದೇ ಲಕೋಟೆಯಲ್ಲಿ ಎರಡು ಆದೇಶ ಬಂದವು. ಎರಡರಲ್ಲೂ ನಿರ್ದೇಶಕರದೇ ಸಹಿ, ಎಡಗೈಯಲ್ಲಿ ಬರೆಯುವವರಾದ್ದರಿಂದ ಇನ್ನೂ ಸ್ವಲ್ಪ ಸೊಟ್ಟಗಿತ್ತು. ಮೊದಲನೆಯದು, ಮಸಾಜ್ ಚಿಕಿತ್ಸೆಯಲ್ಲಿ ಯಾವ ಪರಿಣತಿಯೂ ಇಲ್ಲದೆ ಇದೆಯೆಂದು ಮಾಹಿತಿ ಕೊಟ್ಟಿದ್ದಕ್ಕೆ ರಾಯರ ಬಡ್ತಿಯನ್ನು ಒಂದು ವರ್ಷ ತಡೆಹಿಡಿಯಲಾಗಿದೆ. ಎರಡನೆಯದು, ಈ ವಿಷಯದಲ್ಲಿ ಅವರು ತೋರಿದ ಪರಿಣತಿಯನ್ನು ಮೆಚ್ಚಿ, ವಾರಕ್ಕೊಮ್ಮೆ ಸಿಬ್ಬಂದಿಯ ನೋವು ವಿಚಾರಿಸುವ ಹೊಣೆಯನ್ನು ಅವರಿಗೇ ವಹಿಸಲಾಗಿದೆ. ರಾಯರು ಎರಡನ್ನೂ ಎರಡು ಸಲ ಓದಿದರು. ತಿದ್ದುಪಡಿ ಎಲ್ಲೂ ಇರಲಿಲ್ಲ. ಎರಡಕ್ಕೂ ಠಸ್ಸೆ ಒತ್ತಿ ಒಂದೇ ಫೈಲಿಗೆ ಸೇರಿಸಿದರು.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದರು. ಒಂದು ವರ್ಷ ಹೋದದ್ದಕ್ಕೆ ಬೇಸರವಾಗಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಹೆಂಡತಿ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡರು.

"ಹೋಗ್ಲಿ ಬಿಡಿ. ಮುಂದಿನ ವರ್ಷ ಕೊಡ್ತಾರೆ. ಕೊಡದಿದ್ರೂ ನೀವು ಹೇಳಿದ್ದು ಸರಿ."

ರಾಯರು ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಹತ್ತು ದಿನದಲ್ಲಿ ಹತ್ತಿದ ಅಭ್ಯಾಸ, ಬಾಯಿಗೆ ಆ ಪ್ರಶ್ನೆ ತಾನಾಗಿ ಬಂತು. "ನಿಂಗೆ ಎಲ್ಲಾದ್ರೂ ನೋವಿದ್ಯಾ?"

ನಲ್ಲಿ ನಿಂತಿತು. ಆಕೆ ಕೈ ಒರೆಸಿಕೊಂಡು ಸ್ಟೂಲೆಳೆದು, ಅವರಿಗೆ ಬೆನ್ನು ಮಾಡಿ ಕೂತರು.

"ಬಲಗಡೆ ಭುಜ. ಹನ್ನೊಂದು ವರ್ಷ ಆಯ್ತು. ಮೇಲಿನ ಡಬ್ಬಿ ತೆಗೆಯೋವಾಗ ಹೆಚ್ಚು. ಜೋಮಿಲ್ಲ."

ರಾಯರು ಕೈ ಉಜ್ಜಿ ಬಿಸಿ ಮಾಡಿಕೊಂಡು ಭುಜದ ಮೇಲೆ ಮೆತ್ತಗೆ ಇಟ್ಟರು. ಅಲ್ಲೊಂದು ಗಂಟು ಸಿಕ್ಕಿತು, ಹಳೆಯದು, ಗಟ್ಟಿ.

"ಹನ್ನೊಂದು ವರ್ಷ! ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ನೀವು ಕೇಳಿದ್ದು ಇವತ್ತು" ಎಂದರು ಆಕೆ. "ಸ್ವಲ್ಪ ಕೆಳಗೆ. ಹ್ಞಾ, ಅಲ್ಲೇ."